ಮಠದ ಕಾರಿಗೆ ಕೂರಿಸಿದ ಪಂಪು

ಆ ವರ್ಷ ನನಗೆ ಗಾಡಿಗಳ ಸಹವಾಸವೇ ಸಾಕಾಗಿ ಹೋಗಿತ್ತು. ಎದ್ದರೆ ಬೆನ್ನು ನೋವು, ಮಲಗಿದರೆ ಮೊಣಕೈ ನೋವು. ಕಡೂರಿನ ರಸ್ತೆ ಬದಿ ನಾಲ್ಕು ತಗಡಿನ ಕೆಳಗೆ ಹದಿನೈದು ವರ್ಷ ಟ್ರ್ಯಾಕ್ಟರು, ಪಂಪ್‌ಸೆಟ್ಟು, ಲಾರಿ ಅಂತ ಬಿಚ್ಚಿ ಬಿಚ್ಚಿ ಕಟ್ಟಿದವನು ನಾನು. ಉಗುರಿನ ಸಂದಿಯ ಕಪ್ಪು ಯಾವ ಸೋಪಿಗೂ ಬಗ್ಗುತ್ತಿರಲಿಲ್ಲ. "ನೀವು ಊಟಕ್ಕೆ ಕೂತ್ರೆ ಅನ್ನವೇ ಡೀಸೆಲ್ ವಾಸ್ನೆ ಹೊಡೀತೈತೆ ಕಣ್ರೀ" ಅಂತ ಒಂದು ದಿನ ಹೆಂಡತಿ ಅಂದಳು. ಬೇರೆ ದಿನವಾಗಿದ್ದರೆ ತಟ್ಟೆ ತಳ್ಳಿ ಎದ್ದು ಹೋಗುತ್ತಿದ್ದೆ. ಅವತ್ತು ಸುಮ್ಮನೆ ಉಂಡೆ. ಜಗಳ ಆಡೋಕೂ ತ್ರಾಣ ಬೇಕಲ್ಲ!

ಅಂಥ ಹೊತ್ತಿನಲ್ಲಿ ಮಠದ ಕಾರು ನನ್ನ ಶೆಡ್ಡಿಗೆ ಬಂತು. ಎಂಬತ್ತನೇ ಇಸವಿ ಆಚೀಚೆ ಇರಬೇಕು. ಪೆಟ್ರೋಲ್ ಬೆಲೆ ಕೇಳಿ ಕಾರಿದ್ದವರೆಲ್ಲ ಹೌಹಾರುತ್ತಿದ್ದ ಕಾಲ. ಅಜ್ಜಂಪುರದ ಕಡೆಯ ಒಂದು ಸಣ್ಣ ಮಠ ಅದು. ಕಾರು ಮಾತ್ರ ಸಣ್ಣದಲ್ಲ. ಹಳೇ ವಿಲಾಯ್ತಿ ಗಾಡಿ, ಉದ್ದ ಮೂತಿ, ಕಪ್ಪು ಬಣ್ಣ, ಒಳಗೆ ಮರದ ಡ್ಯಾಶ್‌ಬೋರ್ಡು. ಯಾವುದೋ ಕಾಲದಲ್ಲಿ ಕಾಫಿ ತೋಟದ ಭಕ್ತರೊಬ್ಬರು ಮಠಕ್ಕೆ ಕೊಟ್ಟಿದ್ದಂತೆ. ಕಾರಿನ ಜೊತೆಗೆ ಅದನ್ನು ಓಡಿಸುತ್ತಿದ್ದವರೂ ಬಂದರು. ಬಂದವರು ಮತ್ತೆ ತೋಟಕ್ಕೆ ವಾಪಸ್ ಹೋಗಲೇ ಇಲ್ಲ.

ನಾನು ಅವರನ್ನು ಡ್ರೈವರಣ್ಣ ಅನ್ನುತ್ತಿದ್ದೆ. ಆಗಲೇ ಅರವತ್ತರ ಹತ್ತಿರ. ಹೆಂಡತಿ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮಠದ ಕಾರ್ ಶೆಡ್ಡಿಗೆ ತಾಗಿಕೊಂಡ ಒಂದು ಕೋಣೆ, ದಾಸೋಹದ ಊಟ, ವರ್ಷಕ್ಕೆರಡು ಜೊತೆ ಬಟ್ಟೆ. ಸ್ನಾನ ಆಗದೆ ಸ್ಟೇರಿಂಗ್ ಮುಟ್ಟುತ್ತಿರಲಿಲ್ಲ. ಗಾಡಿ ಹತ್ತುವ ಮುಂಚೆ ಎರಡೂ ಕೈಯಲ್ಲಿ ಸ್ಟೇರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ನನಗೆ ಒಂದು ಕಡೆ ನಗು, ಇನ್ನೊಂದು ಕಡೆ ಹೊಟ್ಟೆಕಿಚ್ಚು. ನಾನು ಯಾವ ಇಂಜಿನ್ನನ್ನೂ ಹಾಗೆ ಮುಟ್ಟಿದವನಲ್ಲ. ಸ್ಪ್ಯಾನರ್ ಹಿಡಿದಾಗಲೆಲ್ಲ ಬೈದುಕೊಂಡೇ ಮುಟ್ಟಿದವನು.

ಕಾರು ತಂದ ದಿನ ಜೊತೆಗೆ ಮಠದ ಪಾರುಪತ್ತೇಗಾರರೂ ಬಂದಿದ್ದರು. ಮಠದ ವಹಿವಾಟೆಲ್ಲ ಅವರ ಕೈಯಲ್ಲಿ. ಸ್ಟೂಲಿನ ಮೇಲೆ ಕೂತು, ಪಂಚೆಗೆ ಎಣ್ಣೆ ತಾಗದ ಹಾಗೆ ಮೇಲಕ್ಕೆ ಎತ್ತಿ ಹಿಡಿದುಕೊಂಡು ಹೇಳಿದರು: "ನೋಡು ಮೇಸ್ತ್ರಿ, ಇದಕ್ಕೆ ಪೆಟ್ರೋಲ್ ಹಾಕಿ ಹಾಕಿ ಸಾಕಾಯ್ತು. ಡೀಸೆಲ್ ಇಂಜಿನ್ ಕೂರ್ಸು. ಟ್ಯಾಕ್ಸಿಗಳಿಗೆಲ್ಲ ಕೂರುಸ್ತಾವ್ರಂತಲ್ಲ. ಸುಗ್ಗಿ ಮುಗುದ್ಮೇಲೆ ಬುದ್ಧಿಯೋರು ಹಳ್ಳಿ ಕಡೆ ಹೊರಡ್ತಾರೆ. ಆ ಹೊತ್ತಿಗೆ ಗಾಡಿ ಆಗ್ಬೇಕು." ನಮ್ಮ ಕಡೆ ಮಠದ ಸ್ವಾಮಿಗಳನ್ನು ಬುದ್ಧಿ ಅಂತಲೇ ಕರೆಯುವುದು.

"ಆಗ್ದೇ ಇದ್ರೆ?" ಅಂದೆ.

"ಆಗ್ದೇ ಇದ್ರೆ, ಇಲ್ಲಾ ದಾರೀಲಿ ಕೈ ಕೊಟ್ರೆ, ಗುಜರಿಗೆ ಹಾಕಿ ಜೀಪು ತಗೊಳ್ಳೋದು. ನಮ್ಮಕ್ಕನ ಮಗ ಚೆನ್ನಾಗಿ ಜೀಪು ಓಡುಸ್ತಾನೆ."

ನಾನು ಕಾರಿನ ಕಡೆ ನೋಡಿದೆ. ಡ್ರೈವರಣ್ಣ ಬಾನೆಟ್ ಒರೆಸುತ್ತಾ ನಿಂತಿದ್ದರು. ಕೇಳಿಸಿಕೊಂಡರೋ ಇಲ್ಲವೋ, ಕೈ ಮಾತ್ರ ಒಂದೇ ಜಾಗದಲ್ಲಿ ಸುತ್ತುತ್ತಿತ್ತು. "ಮತ್ತೆ ಇವರು?" ಅಂತ ಸಣ್ಣ ದನಿಯಲ್ಲಿ ಕೇಳಿದೆ.

"ವಯಸ್ಸಾಯ್ತಲ್ಲಪ್ಪ. ಊರಿಗೆ ಹೋಗ್ತಾರೆ."

ಯಾವ ಊರು? ಚೌಳಹಿರಿಯೂರಿನ ಹತ್ತಿರ ಅಣ್ಣನ ಮಕ್ಕಳಿದ್ದರು. ಮೂವತ್ತು ವರ್ಷದಲ್ಲಿ ಇವರನ್ನು ಒಂದು ಹಬ್ಬಕ್ಕೂ ಕರೆದವರಲ್ಲ. ಪಾರುಪತ್ತೇಗಾರರು ಅಜ್ಜಂಪುರದ ಬಸ್ಸು ಹತ್ತಿದ ಮೇಲೆ ಡ್ರೈವರಣ್ಣ ನನ್ನ ಹತ್ತಿರ ಬಂದು, "ಮೇಸ್ತ್ರಿ, ಗಾಡಿ ಉಳುದ್ರೆ ನಾನೂ ಉಳೀತೀನಿ. ಇಷ್ಟೇ ನೋಡಪ್ಪ ವಿಷ್ಯ" ಅಂದರು. ಅಳಲಿಲ್ಲ, ಗೋಗರೆಯಲಿಲ್ಲ. ಬೀಡಿ ಹಚ್ಚಿ ಆಚೆ ಹೋಗಿ ನಿಂತರು. ನನಗಾದರೆ ಮೈಯೆಲ್ಲ ಉರಿದುಹೋಯಿತು. ಒಂದು ಇಂಜಿನ್ ಕೆಲಸ ಮಾಡೋಕೆ ಬಂದವನ ತಲೆ ಮೇಲೆ ಒಬ್ಬ ಮನುಷ್ಯನ ಊಟ ನಿದ್ದೆ ಎಲ್ಲ ತಂದು ಹೇರಿದರೆ ಏನು ಮಾಡಬೇಕು ಹೇಳಿ!

ಇಂಜಿನ್ ತರೀಕೆರೆಯ ಗುಜರಿ ಅಂಗಡಿಯಲ್ಲಿ ಸಿಕ್ಕಿತು. ಪಲ್ಟಿ ಹೊಡೆದ ವ್ಯಾನಿನದು. ಒಳಗೆಲ್ಲ ಗಟ್ಟಿಮುಟ್ಟಾಗಿತ್ತು, ಆದರೆ ಪಂಪು ಇರಲಿಲ್ಲ. ಯಾರೋ ಮುಂಚೆಯೇ ಬಿಚ್ಚಿ ಮಾರಿಕೊಂಡಿದ್ದರು. ಪೆಟ್ರೋಲ್ ಗಾಡಿಯಲ್ಲಿ ಕಾರ್ಬೊರೇಟರ್ ಇರುತ್ತದೆ, ಪ್ಲಗ್ಗುಗಳಿಗೆ ಕಿಡಿ ಹಂಚೋಕೆ ಡಿಸ್ಟ್ರಿಬ್ಯೂಟರ್ ಇರುತ್ತದೆ. ಡೀಸೆಲ್ ಇಂಜಿನ್ನಿಗೆ ಅವೆರಡೂ ಬೇಡ. ಅಲ್ಲಿ ಎಲ್ಲ ಕೆಲಸವೂ ಪಂಪಿನದು. ನಾಲ್ಕು ಸಿಲಿಂಡರಿಗೂ ಅಳತೆ ತಪ್ಪದ ಹಾಗೆ, ಗಳಿಗೆ ತಪ್ಪದ ಹಾಗೆ ಅದೇ ಡೀಸೆಲ್ ಚುಚ್ಚಬೇಕು. ಪಂಪು ಸರಿ ಇಲ್ಲದಿದ್ದರೆ ಇಂಜಿನ್ ಎಷ್ಟೇ ಚೆನ್ನಾಗಿದ್ದರೂ ಅದು ಬರೀ ಕಬ್ಬಿಣ.

ಆ ಇಂಜಿನ್ನಿಗೆ ಎರಡು ಥರದ ಪಂಪು ಕೂರುತ್ತಿತ್ತು. ಒಂದು ಉದ್ದನೆಯದು. ನಾಲ್ಕು ಸಿಲಿಂಡರಿಗೆ ನಾಲ್ಕು ಬೇರೆ ಬೇರೆ ತೂಬು ಇದ್ದ ಹಾಗೆ, ಎಲ್ಲ ಸಾಲಾಗಿ ಒಂದೇ ಪೆಟ್ಟಿಗೆಯಲ್ಲಿ ಇರುತ್ತವೆ. ಭಾರ ಜಾಸ್ತಿ, ಸದ್ದು ಜಾಸ್ತಿ, ಆದರೆ ಒರಟು ಪ್ರಾಣಿ. ಅದರ ಹೊಟ್ಟೆಯಲ್ಲಿ ಅದರದೇ ಇಂಜಿನ್ ಆಯಿಲ್ ಇರೋದರಿಂದ ಡೀಸೆಲ್ ಸ್ವಲ್ಪ ಹೆಚ್ಚುಕಮ್ಮಿ ಆದರೂ ತಡೆದುಕೊಳ್ಳುತ್ತದೆ. ಇನ್ನೊಂದು ಡಿಸ್ಟ್ರಿಬ್ಯೂಟರ್ ಪಂಪು. ತೆಂಗಿನಕಾಯಿಗಿಂತ ಸ್ವಲ್ಪ ದಪ್ಪ ಅಷ್ಟೇ. ಒಳಗೆ ಒಂದೇ ಒಂದು ರೋಟರ್ ತಿರುಗುತ್ತಾ ನಾಲ್ಕೂ ಕಡೆಗೆ ಸರದಿ ಪ್ರಕಾರ ಡೀಸೆಲ್ ಹಂಚುತ್ತದೆ. ಹಗುರ, ನಯ, ಕಾರಿಗೆ ಹೇಳಿ ಮಾಡಿಸಿದ ಹಾಗಿತ್ತು.

ತೊಂದರೆ ಇದ್ದಿದ್ದು ಜಾಗದ್ದು. ಉದ್ದನೆ ಪಂಪು ಹಾಕಬೇಕಾದರೆ ಕಾರಿನ ಒಳಮೈ ಒಂದೂವರೆ ಗೇಣು ಕೊಯ್ಯಬೇಕಿತ್ತು, ಸ್ಟೇರಿಂಗ್ ಬಾಕ್ಸ್ ಪಕ್ಕಕ್ಕೆ ಸರಿಸಬೇಕಿತ್ತು, ಹೊಸ ತಗಡು ವೆಲ್ಡ್ ಮಾಡಬೇಕಿತ್ತು. ಮಲಗಿಕೊಂಡೇ ಮಾಡುವ ಕೆಲಸ, ಏನಿಲ್ಲ ಅಂದರೂ ಹತ್ತು ದಿನ. ನಾನು ಸೀಮೆಸುಣ್ಣದಲ್ಲಿ ಕೊಯ್ಯುವ ಗೆರೆ ಎಳೆದಿದ್ದನ್ನು ನೋಡಿ ಡ್ರೈವರಣ್ಣನ ಮುಖ ಕಪ್ಪಿಟ್ಟಿತು.

"ಅಯ್ಯಯ್ಯೋ, ಕೊಯ್ಲೇಬೇಕೇನಪ್ಪಾ?"

"ಈ ಪಂಪು ಬೇಕು ಅಂದ್ರೆ ಕೊಯ್ಬೇಕು."

"ಇನ್ನೊಂದು?"

"ಇನ್ನೊಂದು ಹಂಗೇ ಕೂರುತ್ತೆ."

"ಯಾವುದು ಒಳ್ಳೇದು ಹೇಳು. ನೀನು ಹೇಳಿದ್ದಕ್ಕೆ ನಾನು ಎದುರಾಡಲ್ಲ. ಕೊಯ್ಯಿ ಅಂದ್ರೆ ಕೊಯ್ಯಿ, ನಾನು ಆ ಕಡೆ ತಿರುಗಿ ಕೂತ್ಕೋತೀನಿ."

ಇಲ್ಲಿ ನಿಜ ಹೇಳಿಬಿಡಬೇಕು. ಆಮೇಲೆ ಎಷ್ಟೋ ಜನಕ್ಕೆ ನಾನು, "ಪಾಪ, ಡ್ರೈವರಣ್ಣನ ಮುಖ ನೋಡಿ ಸಣ್ಣ ಪಂಪು ಹಾಕ್ದೆ" ಅಂತಲೇ ಹೇಳಿಕೊಂಡು ತಿರುಗಿದ್ದೇನೆ. ಸುಳ್ಳು. ಆ ಗೆರೆ ಎಳೆಯೋಕೆ ಬಗ್ಗಿದಾಗಲೇ ನನ್ನ ಬೆನ್ನು ಚಳಕ್ ಅಂದಿತ್ತು. ಹತ್ತು ದಿನ ನೆಲದ ಮೇಲೆ ಅಂಗಾತ ಬಿದ್ದುಕೊಂಡು ಕಣ್ಣಿಗೆ ಕಿಡಿ ಸಿಡಿಸಿಕೊಳ್ಳೋಕೆ ನನಗೆ ಬೇಜಾರಾಗಿತ್ತು, ಅಷ್ಟೇ. "ಸರಿ ಬಿಡಣ್ಣ, ಸಣ್ಣದೇ ಹಾಕ್ತೀನಿ" ಅಂದೆ. ಅವರು ನನ್ನ ಭುಜ ಹಿಡಿದುಕೊಂಡು, "ನಿನ್ನ ಹೊಟ್ಟೆ ತಣ್ಣಗಿರ್ಲಿ" ಅಂದರು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಸಣ್ಣ ಪಂಪು ಹುಡುಕಿಕೊಂಡು ಮತ್ತೆ ತರೀಕೆರೆಗೆ ಹೋದೆ. ಅಲ್ಲಿ ಪಂಪು ರಿಪೇರಿಯೊಂದನ್ನೇ ಮಾಡುವ ಮೇಸ್ತ್ರಿ ಒಬ್ಬ ಇದ್ದ. ಧೂಳು ಬರಬಾರದು ಅಂತ ಕಿಟಕಿ ಬಾಗಿಲು ಹಾಕಿಕೊಂಡು, ಚಪ್ಪಲಿ ಹೊರಗೆ ಬಿಡಿಸಿ, ಒಳಗೆ ಸೆಕೆಯಲ್ಲಿ ಬೇಯುತ್ತಾ ಕೂತಿರುತ್ತಿದ್ದ. ಅವನ ಹತ್ತಿರ ಮೂರು ಡಿಸ್ಟ್ರಿಬ್ಯೂಟರ್ ಪಂಪುಗಳಿದ್ದವು. ಒಂದರ ರೋಟರಿನಲ್ಲಿ ಗೀರು ಬಿದ್ದಿತ್ತು. ಇನ್ನೊಂದು ಯಾವುದೋ ಟ್ರ್ಯಾಕ್ಟರಿನದು, ಕಾರಿನ ವೇಗಕ್ಕೆ ಆಗುವುದಿಲ್ಲ ಅಂದ. ಮೂರನೆಯದನ್ನು ತನ್ನ ಮೆಷಿನ್ನಿನ ಮೇಲೆ ಕೂರಿಸಿ, ನಾಲ್ಕು ಗಾಜಿನ ಕೊಳವೆಗೆ ನಾಲ್ಕು ಕಡೆಯಿಂದ ಡೀಸೆಲ್ ಬೀಳಿಸಿ ತೋರಿಸಿದ. ನಾಲ್ಕರಲ್ಲೂ ಒಂದೇ ಮಟ್ಟ. ನೋಡಿ ನನಗೇ ಖುಷಿಯಾಯಿತು.

"ಇದನ್ನೇ ಕೊಡು" ಅಂದೆ.

"ಕೊಡ್ತೀನಿ, ತಡ್ಕೊ. ಗಾಡಿಗೆ ಡೀಸೆಲ್ ಎಲ್ಲಿ ಹಾಕುಸ್ತಾರೆ?"

"ಮಠದ ಗಾಡಿ ಕಣಯ್ಯ. ಬಂಕಲ್ಲೇ ಹಾಕುಸ್ತಾರೆ. ಇನ್ನೆಲ್ಲಿ?"

"ಹಂಗಾದ್ರೆ ಸರಿ. ಇದಕ್ಕೆ ಡೀಸೆಲ್ಲೇ ಆಯಿಲ್ಲು, ತಿಳ್ಕೊ. ಬೇರೆ ಆಯಿಲ್ ಇಲ್ಲ. ನೀರು ಹೋಯ್ತೋ, ರೋಟರ್ ಕಚ್ಕೊಂಡು ಕೂತ್ಬಿಡುತ್ತೆ. ಫಿಲ್ಟರ್ ಕೆಳಗೆ ಒಂದು ಗಾಜಿನ ಬಟ್ಲು ಹಾಕು. ನೀರಿದ್ರೆ ಅದ್ರಲ್ಲಿ ನಿಲ್ಲುತ್ತೆ, ಕಣ್ಣಿಗೂ ಕಾಣುತ್ತೆ. ಓಡ್ಸೋರಿಗೂ ಹೇಳು."

"ಆಯ್ತಾಯ್ತು" ಅಂದೆ. ಪಂಪನ್ನು ಹಳೇ ಪಂಚೆಯಲ್ಲಿ ಸುತ್ತಿ, ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಪಕ್ಕದಲ್ಲಿದ್ದ ಮುದುಕಿ, "ಏನಪ್ಪಾ ಅದು, ದೇವ್ರಾ?" ಅಂತ ಕೇಳಿತು. ನಕ್ಕೆ. ಆ ಕೆಲಸದಲ್ಲಿ ನಕ್ಕಿದ್ದು ಅದೊಂದೇ ಸಲ ಇರಬೇಕು.

ಗಾಜಿನ ಬಟ್ಟಲು ಕಡೂರಿನಲ್ಲಿ ಸಿಗಲಿಲ್ಲ. ಶಿವಮೊಗ್ಗಕ್ಕೆ ಹೋಗಬೇಕಿತ್ತು. ಒಂದು ದಿನ ಹಾಳು. ಬಂಕಿನ ಡೀಸೆಲ್ ತಾನೆ, ಆಮೇಲೆ ಹೋದಾಗ ತಂದು ಹಾಕಿದರಾಯಿತು ಅಂದುಕೊಂಡು ಬರೀ ಒಂದು ಫಿಲ್ಟರ್ ಕೂರಿಸಿ ಕೈ ತೊಳೆದುಕೊಂಡೆ. ಡ್ರೈವರಣ್ಣನಿಗೆ ಒಂದು ದಪ್ಪ ಬಟ್ಟೆ ಕೊಟ್ಟು, "ಕಸ ಹೋಗ್ಬಾರ್ದು ಅಣ್ಣ, ಡೀಸೆಲ್ ಹಾಕೋವಾಗ ಇದರಲ್ಲಿ ಸೋಸಿ ಹಾಕಿ" ಅಂದೆ. ಅವರು ಆ ಬಟ್ಟೆಯನ್ನು ಮಡಿಸಿ, ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ವಿಭೂತಿ ಗಟ್ಟಿಯ ಪಕ್ಕ ಇಟ್ಟುಕೊಂಡರು. ನೀರಿನ ಮಾತು ನಾನು ಎತ್ತಲೇ ಇಲ್ಲ. ಮರೆತೆ ಅಂತ ಹೇಳಿದರೆ ಅದೂ ಪೂರ್ತಿ ನಿಜವಲ್ಲ. ಆ ಮಾತು ಎತ್ತಿದ್ದರೆ, "ಮತ್ತೆ ನೀರು ತಡ್ಯೋಕೆ ಏನು ಹಾಕಿದ್ದೀಯಪ್ಪ?" ಅಂತ ಕೇಳುತ್ತಿದ್ದರು. ಆಗ ಬಟ್ಟಲಿಗೆ ಅಂತ ಶಿವಮೊಗ್ಗಕ್ಕೆ ಹೋಗಲೇಬೇಕಾಗುತ್ತಿತ್ತು.

ಗಾಡಿ ಮೊದಲ ಸಲ ಸ್ಟಾರ್ಟ್ ಆದಾಗ ಡ್ರೈವರಣ್ಣ ಎರಡೂ ಕಿವಿ ಮುಚ್ಚಿಕೊಂಡರು. ಪೆಟ್ರೋಲ್ ಇಂಜಿನ್ನಿನ ಮೆತ್ತನೆಯ ದನಿಗೆ ಮೂವತ್ತು ವರ್ಷ ಒಗ್ಗಿಹೋದ ಕಿವಿ. "ಇದೇನೋ ಮೇಸ್ತ್ರಿ, ಗಿರಣಿ ಥರ ಬಡ್ಕೊಳ್ತದೆ!" ಅಂತ ಬೈದರು. ಹತ್ತು ನಿಮಿಷ ಕೇಳಿ, "ಅಡ್ಡಿಲ್ಲ ಬಿಡು, ನಂಗೂ ಕಿವಿ ಮಂದ ಆಗ್ತೈತಲ್ಲ, ಸರಿಹೋಯ್ತದೆ" ಅಂದರು. ಪರೀಕ್ಷೆಗೆ ಅಂತ ತರೀಕೆರೆ ಮೇಲೆ ಲಿಂಗದಹಳ್ಳಿಯವರೆಗೆ ಹೋಗಿ ಬಂದೆವು. ಗುಡ್ಡದ ಕಡೆಯ ಏರಿನಲ್ಲೂ ಗಾಡಿ ಏದುಸಿರು ಬಿಡದೆ ಹತ್ತಿತು. ವಾಪಸ್ ಬರುವಾಗ ಹೋಟೆಲೊಂದರ ಮುಂದೆ ನಿಲ್ಲಿಸಿ, ತಮ್ಮ ಕೈಯಾರೆ ನನಗೆ ಇಡ್ಲಿ ತಂದುಕೊಟ್ಟರು. "ಇನ್ನು ಹತ್ತು ವರ್ಷ ನನ್ನ ಅಲ್ಲಾಡ್ಸೋರು ಯಾರೂ ಇಲ್ಲ" ಅಂದರು. ಆ ಮಾತಿಗೆ ನನಗೆ ಬೆನ್ನು ನೋವು ಕೂಡ ಮರೆತುಹೋಯಿತು.

ಸುಗ್ಗಿ ಮುಗಿಯಿತು. ಬುದ್ಧಿಯವರು ದೇವನೂರಿನ ಕಡೆಯ ಹಳ್ಳಿಗಳಿಗೆ ಹೊರಟರು. ದಿನಕ್ಕೆ ಒಂದೋ ಎರಡೋ ಹಳ್ಳಿ. ಮನೆ ಮನೆಗೆ ಹೋಗಿ ಪಾದಪೂಜೆ, ಪ್ರಸಾದ, ಮಾತುಕತೆ. ಮಠಕ್ಕೆ ನಡೆದುಕೊಳ್ಳುವ ಮನೆಯವರು ರಾಗಿ, ಕೊಬ್ಬರಿ, ಬೆಲ್ಲ ಏನಾದರೂ ಕೊಟ್ಟು ಕಳಿಸುತ್ತಿದ್ದರು. ಅದು ಮೊದಲಿನಿಂದ ಬಂದ ಪದ್ಧತಿ. ಕಾರಿಗೆ ಮಾತ್ರ ಯಾರೂ ಏನೂ ಕೊಡುವಂತಿರಲಿಲ್ಲ. ಹಳ್ಳಿಯಲ್ಲಿ ಯಾರ ಮನೆಯಲ್ಲಿ ಪೆಟ್ರೋಲ್ ಇಟ್ಟಿರುತ್ತಾರೆ?

ಡೀಸೆಲ್ ಇಟ್ಟಿರುತ್ತಾರೆ. ನನ್ನ ತಲೆಗೆ ಹೊಳೆಯದೆ ಇದ್ದಿದ್ದು ಅದೇ. ಕರೆಂಟು ನಂಬಿಕೊಂಡು ತೆಂಗು ಉಳಿಸಿಕೊಳ್ಳೋಕಾಗದ ಸೀಮೆ ಅದು. ಬಾವಿಗೆ ಇಂಜಿನ್ ಇಟ್ಟವರ ಮನೆಯಲ್ಲೆಲ್ಲ ಒಂದೊಂದು ಬ್ಯಾರೆಲ್. ಅಂಥ ನೂರಾರು ಇಂಜಿನ್ ಬಿಚ್ಚಿ ಕಟ್ಟಿದ ನನಗೇ ಹೊಳೆಯಲಿಲ್ಲ ಅಂದರೆ ಇನ್ನು ಯಾರಿಗೆ ಹೇಳೋಣ!

ಮೊದಲ ಹಳ್ಳಿಯಲ್ಲೇ ಒಬ್ಬ ಗೌಡರು, "ಏನು, ಬುದ್ಧಿಯೋರ ಕಾರು ಈಗ ಡೀಸೆಲ್ ಕುಡೀತದಾ? ಅಯ್ಯೋ, ನಮ್ಮನೇಲೇ ಐತಲ್ಲ!" ಅಂತ ಒಂದು ಕ್ಯಾನು ತಂದರಂತೆ. ಸುದ್ದಿ ಮುಂದಿನ ಹಳ್ಳಿಗೆ ಕಾರಿಗಿಂತ ಮುಂಚೆ ಹೋಯಿತು. ಅವರು ಕೊಟ್ಟರು ಅಂತ ಇವರು, ಇವರು ಕೊಟ್ಟರು ಅಂತ ಅವರು. ಮೂವತ್ತು ವರ್ಷ ತಮ್ಮ ಊರಿಗೆ ಬಂದುಹೋದ ಕಾರಿಗೆ ಕೊನೆಗೂ ತಮ್ಮ ಕೈಯಿಂದ ಏನೋ ಒಂದು ಕೊಡುವ ಹಾಗಾಯಿತಲ್ಲ ಅಂತ ಅವರಿಗೆಲ್ಲ ಹಿಗ್ಗು.

ಮಠಕ್ಕೆ ಕೊಡುವ ಪಾತ್ರೆಯನ್ನು ನಮ್ಮವರು ಹಾಗೇ ಕೊಡುತ್ತಾರಾ? ಹಾಲಿನ ಚೊಂಬು ಕೊಡುವಾಗ ಹೇಗೋ ಹಾಗೆ, ಆ ಡೀಸೆಲ್ ಕ್ಯಾನುಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಒಳಗೆ ಹೊರಗೆ ತೊಳೆದು, ಕೊನೆಗೆ ಒಂದು ಸಲ ಒಳ್ಳೇ ನೀರಲ್ಲಿ ಜಾಲಿಸಿ, ಮೇಲೆ ವಿಭೂತಿ ಎಳೆದು, ಆಮೇಲೆ ಡೀಸೆಲ್ ತುಂಬಿಸಿ ತಂದರು. ಕ್ಯಾನು ಇಲ್ಲದವರು ಹಿತ್ತಾಳೆ ಬಿಂದಿಗೆ ತೊಳೆದು ತಂದರು. ಒಣಗೋವರೆಗೆ ಯಾರು ಕಾಯುತ್ತಾರೆ? ಬುದ್ಧಿಯವರು ಹೊರಟು ನಿಂತಿರುತ್ತಿದ್ದರು. ಪ್ರತಿ ಪಾತ್ರೆಯ ತಳದಲ್ಲೂ ಒಂದಿಷ್ಟು ನೀರು.

ಡ್ರೈವರಣ್ಣ ಅಷ್ಟನ್ನೂ ನಾನು ಕೊಟ್ಟ ಬಟ್ಟೆಯಲ್ಲಿ ಸೋಸಿ ಸೋಸಿ ಟ್ಯಾಂಕಿಗೆ ಹಾಕಿದರು. ಹೆಂಗಸರು ಸುತ್ತ ನಿಂತು ನೋಡುತ್ತಿದ್ದರಂತೆ. ಬಟ್ಟೆಯಲ್ಲಿ ಕಸ ನಿಲ್ಲುತ್ತದೆ, ನೀರು ನಿಲ್ಲುತ್ತದಾ?

ಹದಿನೈದನೇ ದಿನವೋ ಏನೋ, ಹೊತ್ತು ನೆತ್ತಿಗೆ ಬಂದಿತ್ತು. ಸೈಕಲ್ ತುಳಿದುಕೊಂಡು ಬಂದ ಒಬ್ಬ ಆಳು, "ಮೇಸ್ತ್ರಿ, ಮಠದ ಕಾರು ದೇವನೂರಿಂದ ಈಚೆಗೆ ನಿಂತ್ಬಿಟ್ಟೈತೆ, ಬರ್ಬೇಕಂತೆ" ಅಂದ. ಚೀಲ ಎತ್ತಿಕೊಂಡು ಬಸ್ಸು ಹತ್ತಿದೆ. ಹೋಗಿ ನೋಡಿದರೆ ಹೊಂಗೆ ಮರದ ಕೆಳಗೆ ಕಾರು. ಬುದ್ಧಿಯವರನ್ನು ಆಗಲೇ ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಕುರ್ಚಿ ಹಾಕಿ ಕೂರಿಸಿ ಮುಂದಿನ ಹಳ್ಳಿಗೆ ಕರೆದುಕೊಂಡು ಹೋಗಿದ್ದರು. ಪಾರುಪತ್ತೇಗಾರರು ಮಾತ್ರ ಮರದ ಬುಡದಲ್ಲಿ ನಿಂತಿದ್ದರು, ಮುಖ ಬೆಂಕಿಯಾಗಿತ್ತು. "ಬಾರಪ್ಪ, ಬಾ. ಟ್ರೈಲರಲ್ಲಿ ಹೋದ್ರು ನಮ್ಮ ಬುದ್ಧಿಯೋರು, ಊರೆಲ್ಲ ನೋಡ್ತು. ಭಾಳ ಚೆನ್ನಾಗಿ ಮಾಡಿದ್ದೀಯ ಕೆಲ್ಸ!"

ಬಿಸಿಲು, ಹಸಿವು, ಮೇಲಿಂದ ಈ ಮಾತು. ನಾನು ಬಾನೆಟ್ ಎತ್ತಿ ಪೈಪ್ ಸಡಿಲಿಸಿದೆ, ಡೀಸೆಲ್ ಬರಲಿಲ್ಲ. ಪಂಪಿನ ಶಾಫ್ಟ್ ತಿರುಗಿಸೋಕೆ ನೋಡಿದೆ. ಬಂಡೆಗೆ ಕೈ ಹಾಕಿದ ಹಾಗಾಯಿತು. ಫಿಲ್ಟರಿನ ಕೆಳಗಿನ ಬೋಲ್ಟ್ ಬಿಚ್ಚಿದಾಗ ಅಂಗೈ ತುಂಬ ತುಕ್ಕಿನ ಬಣ್ಣದ ನೀರು ಸುರಿಯಿತು.

"ಎಲ್ಲಿ ಹಾಕ್ಸಿದ್ರಣ್ಣ ಡೀಸೆಲ್ಲು?"

ಡ್ರೈವರಣ್ಣ ಸಂಭ್ರಮದಿಂದಲೇ ಹೇಳಿದರು. ಯಾವ ಹಳ್ಳಿಯಲ್ಲಿ ಯಾರು ಕೊಟ್ಟರು, ಎಷ್ಟು ಚೆನ್ನಾಗಿ ತೊಳೆದು ತಂದಿದ್ದರು, ಒಬ್ಬ ಮುದುಕಮ್ಮ ಮಗಳ ಮದುವೆ ಬಿಂದಿಗೆಯಲ್ಲೇ ತಂದಿದ್ದು, ತಾವು ಒಂದು ತೊಟ್ಟೂ ಸೋಸದೆ ಹಾಕಲಿಲ್ಲ ಅನ್ನೋದು, ಎಲ್ಲ. "ಬ್ಯಾಡ ಅನ್ನೋಕಾಯ್ತದಾ ಮೇಸ್ತ್ರಿ? ಅವರ ಬಾವಿ ಇಂಜಿನ್ ಇದೇ ಡೀಸೆಲ್ ಕುಡುದು ಹತ್ತು ವರ್ಷದಿಂದ ಓಡ್ತಾವಂತೆ."

ನನಗೆ ಯಾವುದು ಎಲ್ಲಿ ತಪ್ಪಿತು ಅಂತ ಆ ಕ್ಷಣದಲ್ಲೇ ಪೂರ್ತಿ ಅರ್ಥವಾಯಿತು. ಬಾಗಿಲು ಹಾಕಿಕೊಂಡು ಕೂತ ತರೀಕೆರೆ ಮೇಸ್ತ್ರಿ, ಅವನು ಹೇಳಿದ ಬಟ್ಟಲು, ನಾನು ನುಂಗಿಕೊಂಡ ಮಾತು. ಅರ್ಥವಾಗಿದ್ದಕ್ಕೇ ಸಿಟ್ಟು ನೆತ್ತಿಗೇರಿತು. ಅಂಗೈಯ ನೀರನ್ನು ಅವರ ಮುಖದ ಮುಂದೆ ಹಿಡಿದು ಕಿರುಚಿದೆ: "ನೀರು ಕಣ್ರೀ ಇದು, ನೀರು! ಇಂಜಿನ್ನಿಗೆ ನೀರು ಕುಡ್ಸಿದ್ದೀರಲ್ರೀ! ಮೂವತ್ತು ವರ್ಷ ಗಾಡಿ ಓಡ್ಸಿದೋರಿಗೆ ಅಷ್ಟೂ ಗೊತ್ತಾಗಲ್ವಾ? ನಿಮ್ಮ ಕೈಯಾರೆ ಕೊಂದ್ರಲ್ಲ ಗಾಡೀನ!"

ಅವರು ಪೆಟ್ರೋಲ್ ಗಾಡಿ ಓಡಿಸಿದ ಮನುಷ್ಯ. ಡೀಸೆಲ್ ಪಂಪಿನ ಗುಣ ಅವರಿಗೆ ಹೇಗೆ ಗೊತ್ತಿರಬೇಕು? "ನೀರಿನ ವಿಷ್ಯ ನೀನು ಹೇಳ್ಲಿಲ್ವಲ್ಲ" ಅಂತ ಒಂದೇ ಒಂದು ಮಾತು ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಂಡುತ್ತಾ ನಿಂತರು.

ಪಾರುಪತ್ತೇಗಾರರು ಹತ್ತಿರ ಬಂದರು. "ಹಂಗಾದ್ರೆ ಇದು ಪಂಪಿನ ತಪ್ಪಲ್ಲ. ನಿನ್ನ ಕೆಲ್ಸದ ತಪ್ಪೂ ಅಲ್ಲ. ಅಲ್ವೇನಪ್ಪಾ?"

"ಅಲ್ಲ" ಅಂದೆ.

"ಸರಿ" ಅಂದರು ಅವರು. ಅಷ್ಟೇ.

ಆಮೇಲೆ ಒಂದು ವಾರ ನನಗೆ ಊಟ ಸೇರಲಿಲ್ಲ. ಅಜ್ಜಂಪುರಕ್ಕೆ ಹೋಗಿ ಬುದ್ಧಿಯವರ ಮುಂದೆ ನಿಂತು, "ನಾನು ಹೇಳಬೇಕಾಗಿದ್ದು ಹೇಳಲಿಲ್ಲ, ಹಾಕಬೇಕಾಗಿದ್ದು ಹಾಕಲಿಲ್ಲ, ಅವರದೇನೂ ಇಲ್ಲ" ಅಂತ ಹೇಳಿ ಬಂದರೆ ಆಗಿತ್ತು. ಎರಡು ಸಲ ಬಸ್ ಸ್ಟ್ಯಾಂಡಿನವರೆಗೂ ಹೋದೆ. ಒಂದು ಸಲ ಬಸ್ಸು ತುಂಬಿತ್ತು. ಇನ್ನೊಂದು ಸಲ ಬಸ್ಸು ಖಾಲಿಯೇ ಇತ್ತು. ಟ್ರ್ಯಾಕ್ಟರಿನವರು ಕಾಯುತ್ತಿದ್ದಾರೆ ಅಂತ ನನಗೆ ನಾನೇ ಹೇಳಿಕೊಂಡು ವಾಪಸ್ ಬಂದೆ. ಹೆಂಡತಿ, "ಹೋಗಿ ಹೇಳಿ ಬನ್ರೀ, ಎಷ್ಟು ದಿನ ಹಿಂಗೆ ಒದ್ದಾಡ್ತೀರ" ಅಂದಳು. "ನಿಂಗೇನೇ ಗೊತ್ತು, ಸುಮ್ನಿರು" ಅಂತ ಅವಳ ಮೇಲೆ ಹಾರಿಬಿದ್ದೆ. ಮಠದ ಕೆಲಸ ಕೆಡಿಸಿದವನು ಅಂತ ಹೆಸರು ಬಂದರೆ ಈ ಮೂರು ಊರಿನ ನಡುವೆ ಯಾವ ರೈತ ನನ್ನ ಶೆಡ್ಡಿಗೆ ಟ್ರ್ಯಾಕ್ಟರ್ ತರುತ್ತಾನೆ? ನನಗೆ ಹೆದರಿಕೆ ಇದ್ದಿದ್ದು ಅದಕ್ಕೆ.

ಡ್ರೈವರಣ್ಣನೇ ಒಂದು ದಿನ ಬೆಳಗ್ಗೆ ಬಂದರು. ಕೈಯಲ್ಲಿ ಒಂದು ತಗಡಿನ ಟ್ರಂಕು, ಕಂಕುಳಲ್ಲಿ ಸುತ್ತಿದ ಹಾಸಿಗೆ. ಅಜ್ಜಂಪುರದ ಬಸ್ಸಿಳಿದು, ಚೌಳಹಿರಿಯೂರಿನ ಬಸ್ಸಿಗೆ ಇನ್ನೂ ಹೊತ್ತಿದೆ ಅಂತ ನನ್ನ ಶೆಡ್ಡಿನ ಕಡೆ ನಡೆದು ಬಂದಿದ್ದರು. ಕಾರು ಗುಜರಿಗೆ ಹೋಯಿತಂತೆ. ಜೀಪು ಬಂದಿತ್ತು, ಅದನ್ನು ಓಡಿಸುವವನು ಕೋಣೆಗೂ ಬಂದಿದ್ದ. ನಾನು ಟೀ ತರಿಸಿದೆ. ಇಬ್ಬರೂ ಕುಡಿದೆವು.

"ಮೇಸ್ತ್ರಿ, ಒಂದು ಮಾತು ಕೇಳ್ಬೇಕಿತ್ತು. ಅದಕ್ಕೇ ಬಂದೆ."

"ಕೇಳಿ ಅಣ್ಣ."

"ಆ ಉದ್ದನೆ ಪಂಪು ಹಾಕಿದ್ರೂ ಹಿಂಗೇ ಆಗ್ತಿತ್ತಾ?"

ಆಗುತ್ತಿರಲಿಲ್ಲ. ಆ ಒರಟು ಪಂಪು ಅಷ್ಟು ನೀರಿಗೆ ಕೆಮ್ಮುತ್ತಿತ್ತು, ಹೊಗೆ ಉಗುಳುತ್ತಿತ್ತು, ಆದರೂ ಬುದ್ಧಿಯವರನ್ನು ಮಠಕ್ಕೆ ತಲುಪಿಸಿಯೇ ಬಿಡುತ್ತಿತ್ತು. ಆಮೇಲೆ ಟ್ಯಾಂಕ್ ತೊಳೆದು, ಇವರಿಗೆ ನಾಲ್ಕು ಮಾತು ಹೇಳಿ, ಮತ್ತೆ ಕಳಿಸಬಹುದಿತ್ತು. ಇದು ನನಗೆ ನನ್ನ ಕೈಬೆರಳಿನಷ್ಟು ಗೊತ್ತಿತ್ತು.

"ಆಗ್ತಿತ್ತು ಕಣಣ್ಣ" ಅಂದೆ. "ನೀರು ಹೋದ್ರೆ ಯಾವ ಪಂಪೂ ಉಳಿಯಲ್ಲ."

ಅವರು ತಲೆ ಆಡಿಸಿದರು. "ಹಂಗಾದ್ರೆ ನಂದೇ. ನಂಗೂ ಹಂಗೇ ಅನ್ನುಸ್ತಿತ್ತು, ಆದ್ರೂ ನಿನ್ನ ಬಾಯಲ್ಲಿ ಕೇಳೋಣ ಅಂತ" ಅಂದರು. ಆಮೇಲೆ ಎದ್ದು ನಿಂತು, ನನ್ನ ಕೈ ಹಿಡಿದುಕೊಂಡರು. "ಬೆನ್ನು ನೋವು ಇಟ್ಕೊಂಡು ಒಂದು ತಿಂಗ್ಳು ಮಾಡಿದ್ದೆ ನೀನು. ನಾನು ಹದಿನೈದು ದಿವ್ಸದಲ್ಲಿ ಹಾಳು ಮಾಡ್ಬಿಟ್ಟೆ. ತಪ್ಪಾಯ್ತಪ್ಪ. ನನ್ನ ಮೇಲೆ ಮನಸ್ಸಲ್ಲಿ ಏನೂ ಇಟ್ಕೋಬೇಡ."

ಆಗಲಾದರೂ ಹೇಳಬಹುದಿತ್ತು.

"ಹೋಗ್ಲಿ ಬಿಡಣ್ಣ, ಆಗಿದ್ದಾಯ್ತು" ಅಂದೆ. ಕ್ಷಮಿಸಿಬಿಟ್ಟೆ ನೋಡಿ, ಎಂಥ ದೊಡ್ಡ ಮನುಷ್ಯ ನಾನು! ಅವರ ಮುಖ ಎಷ್ಟೋ ಹಗುರಾಯಿತು. ಬಸ್ಸು ಬಂದಾಗ ಟ್ರಂಕು ಮೇಲಕ್ಕೆ ಹಾಕಿಸೋಕೆ ಸ್ವಲ್ಪ ಕೈ ಕೊಡು ಅಂದರು, ಕೊಟ್ಟೆ.